ಸಕ್ಕರೆಗೆ ಸೋತ ವೈದ್ಯ

ಬಾಯಿಚಪಲವನ್ನು ಗೆಲ್ಲಬೇಕೆಂದು ಬಾಳೆಲ್ಲ ಹೆಣಗಿದವನ ಹೆಸರು ಕೊನೆಗೆ ಆ ಚಪಲದ ಗುರುತಾಗಿಯೇ ಉಳಿದರೆ, ಅದಕ್ಕಿಂತ ದೊಡ್ಡ ವಿಡಂಬನೆ ಬೇರೊಂದಿದೆಯೆ? ಅಮೆರಿಕದ ಡಾಕ್ಟರ್ ಜಾನ್ ಹಾರ್ವೆ ಕೆಲಾಗನ ಜೀವನವನ್ನು ನೆನೆದಾಗಲೆಲ್ಲ ನನ್ನ ಮನಸ್ಸಿನಲ್ಲಿ ಈ ಪ್ರಶ್ನೆ ಏಳುತ್ತದೆ.

ಆತನು ಹುಟ್ಟಿದ್ದು 1852ರಲ್ಲಿ, ಮಿಷಿಗನ್ ಸಂಸ್ಥಾನದ ಟೈರೋನಿನಲ್ಲಿ. ತಂದೆ ಬ್ಯಾಟಲ್ ಕ್ರೀಕ್ ಪಟ್ಟಣದಲ್ಲಿ ಪೊರಕೆಯ ಕಾರ್ಖಾನೆ ನಡೆಸುತ್ತಿದ್ದನು. ಮನೆಯವರು ಅಡ್ವೆಂಟಿಸ್ಟ್ ಪಂಥದವರು. ಮಿತಾಹಾರವನ್ನು ಧರ್ಮದ ಅಂಗವೆಂದೇ ನಂಬಿದವರು. ಜಾನ್ 1875ರಲ್ಲಿ ನ್ಯೂಯಾರ್ಕಿನಲ್ಲಿ ವೈದ್ಯಪದವಿ ಪಡೆದು, ಮರುವರ್ಷವೇ, ಇಪ್ಪತ್ತನಾಲ್ಕರ ಹರೆಯದಲ್ಲಿ, ಬ್ಯಾಟಲ್ ಕ್ರೀಕಿನ ಆರೋಗ್ಯಧಾಮದ ಮುಖ್ಯಸ್ಥನಾದನು. 1902ರಲ್ಲಿ ಅದು ಬೆಂಕಿಗೆ ಆಹುತಿಯಾದರೂ ಎದೆಗುಂದದೆ ಮತ್ತೆ ಕಟ್ಟಿಸಿದನು. ಸ್ವಂತ ಮಕ್ಕಳಿರಲಿಲ್ಲ, ಗಂಡಹೆಂಡಿರು ನಲವತ್ತಕ್ಕೂ ಹೆಚ್ಚು ಮಕ್ಕಳನ್ನು ಸಾಕಿದರು.

ಹುರಿದ ಮಾಂಸದ ಭಾರದ ಉಪಾಹಾರದಿಂದ ಹೊಟ್ಟೆ ಕೆಡಿಸಿಕೊಂಡವರಿಗೆ ಸುಲಭವಾಗಿ ಜೀರ್ಣವಾಗುವ ಧಾನ್ಯಾಹಾರವನ್ನು ಕೊಡುವುದು ಆತನ ಗುರಿ. 1894ರಲ್ಲಿ ಬೇಯಿಸಿಟ್ಟ ಗೋಧಿ ಹಳಸಲಾಯಿತು. ಎಸೆಯಲೊಲ್ಲದೆ ಉರುಳೆಗಳ ನಡುವೆ ಹಾಯಿಸಿದಾಗ ಅದು ನಮ್ಮ ಅವಲಕ್ಕಿಯಂತೆ ತೆಳ್ಳನೆಯ ಚಕ್ಕೆಗಳಾಗಿ ಬಂದಿತು. 1896ರಲ್ಲಿ ಅದಕ್ಕೆ ಪೇಟೆಂಟ್ ದೊರೆಯಿತು. ಮುಂದೆ ಮುಸುಕಿನ ಜೋಳದಿಂದಲೂ ಚಕ್ಕೆಗಳಾದವು.

ಕೆಲಸದಲ್ಲಿ ಜೊತೆಯಾದವನು ತಮ್ಮ ವಿಲ್ ಕೀತ್ ಕೆಲಾಗ್. ಎಂಟು ವರ್ಷ ಕಿರಿಯವನಾದ ಈತನು ಅಣ್ಣನ ನೆರಳಿನಲ್ಲಿ ಲೆಕ್ಕಪತ್ರ ಬರೆಯುತ್ತ ಎರಡು ದಶಕಗಳಿಗೂ ಹೆಚ್ಚು ಕಾಲ ದುಡಿದಿದ್ದನು. ಸಪ್ಪೆ ಚಕ್ಕೆಗೆ ಸಕ್ಕರೆ ಬೆರೆಸಿದರೆ ಜನ ಕೊಳ್ಳುವರೆಂದು ತಮ್ಮನು ಕಂಡನು. ಸಕ್ಕರೆ ಬೆರೆತರೆ ಅದು ಪಥ್ಯವೇ ಅಲ್ಲವೆಂದು ಅಣ್ಣನು ಹಟ ಹಿಡಿದನು. 1906ರಲ್ಲಿ ವಿಲ್ ತನ್ನದೇ ಕಂಪನಿ ಸ್ಥಾಪಿಸಿದನು. ಮನೆತನದ ಹೆಸರು ಯಾರದೆಂಬ ವ್ಯಾಜ್ಯ ನ್ಯಾಯಾಲಯದ ಮೆಟ್ಟಿಲೇರಿತು. 1920ರಲ್ಲಿ ತೀರ್ಪು ತಮ್ಮನ ಪರವಾಯಿತು.

ಸಕ್ಕರೆಯನ್ನು ದೂರವಿಡಬೇಕೆಂಬ ಹಟದಲ್ಲಿ ಡಾಕ್ಟರನು ತಪ್ಪಲಿಲ್ಲ. ಆದರೆ ಸಕ್ಕರೆ ಬೇಡವೆಂದ ಮಾತ್ರಕ್ಕೆ ಜೋಳದ ಚಕ್ಕೆ ಪೂರ್ಣಾಹಾರವಾಗುವುದಿಲ್ಲ. ಹೊಟ್ಟನ್ನೂ ಮೊಳಕೆಯ ಭಾಗವನ್ನೂ ತೆಗೆದ ಕಾಳಿನಲ್ಲಿ ಉಳಿಯುವುದು ಬಹುಪಾಲು ಪಿಷ್ಟ, ನಾರು ಅಲ್ಪ, ನೂರು ಗ್ರಾಮಿನಲ್ಲಿ ಏಳೆಂಟು ಗ್ರಾಮಿನಷ್ಟೇ ಪ್ರೋಟೀನು, ಅದೂ ಲೈಸಿನ್ ಕೊರತೆಯುಳ್ಳದ್ದು. ಡಬ್ಬಿಯ ಮೇಲೆ ಮೆರೆಯುವ ಕಬ್ಬಿಣ, ಜೀವಸತ್ವಗಳಲ್ಲಿ ಹೆಚ್ಚಿನವು ಕಾರ್ಖಾನೆಯಲ್ಲಿ ಬೆರೆಸಿದವು. ಹಾಲು ಸೇರಿದಾಗ ಬಟ್ಟಲಿನ ಪ್ರೋಟೀನು ಹೆಚ್ಚುತ್ತದೆ. ಆ ಪುಣ್ಯ ಹಾಲಿನದು, ಚಕ್ಕೆಯದಲ್ಲ.

ಆತನ ವಿವೇಕಕ್ಕೂ ಕಪ್ಪು ಮಚ್ಚೆಯುಂಟು. ಮಾನವಕುಲವನ್ನು ಉತ್ತಮಪಡಿಸುವ ನೆಪದಲ್ಲಿ ಜನಾಂಗಗಳನ್ನು ಬೇರ್ಪಡಿಸಬೇಕೆಂಬ ವಾದಕ್ಕೆ ಆತನು ತನ್ನ ಹಣವನ್ನೂ ಪ್ರತಿಷ್ಠೆಯನ್ನೂ ಧಾರೆಯೆರೆದನು. ದೇಹದ ಶುದ್ಧಿಯನ್ನು ಬೋಧಿಸಿದವನು ಇಂಥ ಮನೋಮಾಲಿನ್ಯವನ್ನು ಪೋಷಿಸಿದ್ದನ್ನು ಚರಿತ್ರಕಾರನು ಮುಚ್ಚಿಡಲಾಗದು.

1943ರಲ್ಲಿ, ತೊಂಬತ್ತೊಂದರ ವಯಸ್ಸಿನಲ್ಲಿ, ಡಾಕ್ಟರನು ತೀರಿಕೊಂಡನು. ಅಷ್ಟೇ ವಯಸ್ಸು ಬದುಕಿ ತಮ್ಮನು 1951ರಲ್ಲಿ ತೀರಿಕೊಂಡನು. ಮರುವರ್ಷ ಕಂಪನಿಯು ಸಕ್ಕರೆಯ ಲೇಪವಿದ್ದ ಚಕ್ಕೆಯನ್ನು ಮಾರುಕಟ್ಟೆಗೆ ತಂದಿತು. ಅದರ ತೂಕದಲ್ಲಿ ಹೆಚ್ಚುಕಡಿಮೆ ಮೂರನೆಯ ಒಂದು ಪಾಲು ಸಕ್ಕರೆ! 1953ರಲ್ಲಿ ಬಂದ ಗೋಧಿಯ ತಿನಿಸಿನಲ್ಲಿ ಸುಮಾರು ಅರ್ಧದಷ್ಟು. ಕಾಲಾಂತರದಲ್ಲಿ ಈ ತಿನಿಸುಗಳ ಹೆಸರಿನಿಂದ ಸಕ್ಕರೆ ಎಂಬ ಪದ ಬಿಟ್ಟುಹೋಯಿತು, ಬಟ್ಟಲಿನಿಂದ ಬಿಟ್ಟುಹೋಗಲಿಲ್ಲ. ದಿನಕ್ಕೆ ಇಪ್ಪತ್ತೈದು ಗ್ರಾಮಿನೊಳಗಿನ ಸಕ್ಕರೆ ಹಿತವೆಂದು ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಸೂಚಿಸಿದೆ. ಅಂಥ ಲೇಪದ ಚಕ್ಕೆಯ ಒಂದು ಬಟ್ಟಲಿನಲ್ಲಿಯೇ ಅದರ ಅರ್ಧದಷ್ಟು ತೀರಿಹೋಗುತ್ತದೆ.

1994ರಲ್ಲಿ ಕೆಲಾಗನ ಹೆಸರು ಭಾರತದ ಅಂಗಡಿಗಳಿಗೂ ಬಂದಿತು. ಡಬ್ಬಿಯ ಮುಂಬದಿಯಲ್ಲಿರುವುದು ತಮ್ಮನ ಜಾಣ್ಮೆ. ಮಗ್ಗುಲಿನ ಸಣ್ಣಕ್ಷರದ ಪಟ್ಟಿಯನ್ನು ಓದಿದರೆ ಅಣ್ಣನ ಆಕ್ಷೇಪಣೆ ಏನಿತ್ತೆಂದು ತಿಳಿದೀತು. ನನ್ನ ವಿದ್ಯಾರ್ಥಿಗಳಿಗೆ ನಾನು ಹೇಳುವುದಿಷ್ಟೆ: ಕಾವ್ಯವನ್ನು ಓದುವಷ್ಟೇ ಶ್ರದ್ಧೆಯಿಂದ ಆ ಪಟ್ಟಿಯನ್ನೂ ಓದಿರಿ.