ಬಣ್ಣ ಕಾಣದ ಕಣ್ಣು, ಕಬ್ಬಿಣದ ನೇಗಿಲು

ಬೆಳಗಾವಿಯಲ್ಲಿ ಕಿರ್ಲೋಸ್ಕರ್ ರಸ್ತೆ ಎಂಬುದೊಂದಿದೆ. ಆ ರಸ್ತೆಯಲ್ಲಿ ಓಡಾಡಿದವರು ನಮ್ಮ ಸಂಘದಲ್ಲಿಯೂ ಅನೇಕರಿರಬಹುದು. ಅಲ್ಲಿ ಒಂದು ಕಾಲಕ್ಕೆ ಸಣ್ಣ ಬೈಸಿಕಲ್ ಅಂಗಡಿಯೊಂದಿತ್ತು. ಅದನ್ನು ಇಟ್ಟವರು ಲಕ್ಷ್ಮಣರಾವ್ ಕಿರ್ಲೋಸ್ಕರರು. ಆ ಅಂಗಡಿ ಹುಟ್ಟಿದ ಬಗೆ ತಿಳಿಯತಕ್ಕದ್ದು.

ಲಕ್ಷ್ಮಣರಾಯರು ಜನಿಸಿದ್ದು ೧೮೬೯ರ ಜೂನ್ ೨೦ರಂದು, ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ. ಮರಾಠಿ ಸಂಗೀತ ನಾಟಕದ ಪಿತಾಮಹರೆನಿಸಿದ ಅಣ್ಣಾಸಾಹೇಬ ಕಿರ್ಲೋಸ್ಕರರ ಊರೂ ಅದೇ. ಮನೆಯ ಮಾತು ಮರಾಠಿ, ಕಾಲ ಕೆಳಗಿನ ನೆಲ ಕನ್ನಡದ್ದು. ಬಾಲಕನಿಗೆ ಶಾಲೆಯ ಪಾಠ ರುಚಿಸಲಿಲ್ಲ. ಚಿತ್ರಕಲೆ ಮತ್ತು ಯಂತ್ರಗಳಲ್ಲಿಯೇ ಮನಸ್ಸು. ತಂದೆಯ ಇಚ್ಛೆಗೆ ವಿರುದ್ಧವಾಗಿ ೧೮೮೫ರಲ್ಲಿ ಮುಂಬಯಿಗೆ ಹೋಗಿ ಜೆ. ಜೆ. ಕಲಾಶಾಲೆಯನ್ನು ಸೇರಿದರು.

ಎರಡು ವರ್ಷಗಳಲ್ಲಿ ಆ ಆಸೆ ಮುರಿಯಿತು. ಅವರ ಕಣ್ಣಿಗೆ ಕೆಲವು ಬಣ್ಣಗಳ ಭೇದ ತಿಳಿಯದೆಂಬುದು ಗೊತ್ತಾಯಿತು. ಚಿತ್ರಗಾರನಾಗಬೇಕೆಂದು ಮನೆ ಬಿಟ್ಟು ಬಂದವನಿಗೆ ಇದಕ್ಕಿಂತ ದೊಡ್ಡ ಪೆಟ್ಟು ಇನ್ನೇನು? ಆದರೆ ಬಣ್ಣ ಹೋದರೂ ಗೆರೆ ಉಳಿದಿತ್ತು. ಯಂತ್ರಗಳ ನಕ್ಷೆ ಬರೆಯಲು ಬಣ್ಣ ಬೇಡ. ಆ ವಿದ್ಯೆಯನ್ನೇ ಹಿಡಿದು ವಿಕ್ಟೋರಿಯಾ ಜುಬಿಲಿ ತಾಂತ್ರಿಕ ಸಂಸ್ಥೆಯಲ್ಲಿ ಸಹಾಯಕ ಶಿಕ್ಷಕರಾದರು. ಯಂತ್ರಗಳ ಒಳಗನ್ನು ಕೈಯಾರೆ ಅರಿತರು.

ಅಲ್ಲಿಯೂ ನ್ಯಾಯ ದೊರೆಯಲಿಲ್ಲ. ಸಲ್ಲಬೇಕಾಗಿದ್ದ ಬಡ್ತಿ ಆಂಗ್ಲೋ-ಇಂಡಿಯನ್ ಒಬ್ಬರ ಪಾಲಾಯಿತು. ಸಂಬಳದ ನೌಕರಿಯನ್ನು ಬಿಡುವುದು ಎಷ್ಟು ಕಠಿಣವೆಂಬುದು, ಊರು ಬಿಟ್ಟು ಸಂಬಳವನ್ನೇ ನಂಬಿ ಬಂದ ನಮ್ಮಂಥವರಿಗೆ ಹೇಳಬೇಕಾಗಿಲ್ಲ. ಲಕ್ಷ್ಮಣರಾಯರು ರಾಜೀನಾಮೆ ಕೊಟ್ಟು ಬೆಳಗಾವಿಯ ದಾರಿ ಹಿಡಿದರು. ಅಣ್ಣ ರಾಮುಅಣ್ಣನವರ ಜೊತೆಗೂಡಿ ನಡೆಸಿದ ಆ ಬೈಸಿಕಲ್ ಅಂಗಡಿಯಿಂದಲೇ ಕಿರ್ಲೋಸ್ಕರ್ ಉದ್ಯಮ ತನ್ನ ಆಯುಷ್ಯವನ್ನು ಎಣಿಸುತ್ತದೆ. ಅದರ ಮೂಲವರ್ಷ ೧೮೮೮.

ಸೈಕಲ್ ಮಾರಾಟ, ರಿಪೇರಿಗಳಿಂದ ಅವರ ದೃಷ್ಟಿ ಹೊಲದ ಕಡೆಗೆ ತಿರುಗಿತು. ಮೊದಲು ಮೇವು ಕತ್ತರಿಸುವ ಯಂತ್ರ, ಆ ಬಳಿಕ ೧೯೦೩ರ ಸುಮಾರಿಗೆ ಕಬ್ಬಿಣದ ನೇಗಿಲು. ಮರದ ನೇಗಿಲು ನೆಲವನ್ನು ಗೀರುತ್ತದೆ. ಇದು ಮಣ್ಣನ್ನು ಮಗುಚಿ ಹಾಕುತ್ತದೆ. ಆದರೆ ಕಬ್ಬಿಣ ತಾಗಿದರೆ ಭೂಮಿಗೆ ವಿಷವೇರುವುದೆಂದು ರೈತರು ಅಂಜಿದರು. ಮೊದಲನೆಯ ನೇಗಿಲು ಮಾರಾಟವಾಗಲು ಎರಡು ವರ್ಷ ಹಿಡಿಯಿತು. ಹಾಕಿದ ಬಂಡವಾಳ ಎರಡು ವರ್ಷ ಮೂಲೆಯಲ್ಲಿ ಕುಳಿತರೆ ಸಣ್ಣ ವ್ಯಾಪಾರಸ್ಥನ ಸ್ಥಿತಿ ಏನಾಗುವುದೆಂಬುದನ್ನು ಲೆಕ್ಕ ಬಲ್ಲವರು ಊಹಿಸಬಹುದು. ಅವರು ನೇಗಿಲನ್ನು ಬಿಡಲಿಲ್ಲ.

ಗಿರಾಕಿ ಸಿಗುತ್ತಿರುವಾಗಲೇ ನೆಲ ಹೋಯಿತು. ಊರು ಬೆಳೆಸುವ ಯೋಜನೆಗಾಗಿ ಕಾರ್ಖಾನೆಯ ಜಾಗವನ್ನು ತೆರವು ಮಾಡಬೇಕೆಂದು ಬೆಳಗಾವಿಯ ಪುರಸಭೆ ವಿಧಿಸಿತು. ಆಗ ಕೈ ಹಿಡಿದವರು ಔಂಧ ಸಂಸ್ಥಾನದ ರಾಜರು. ಹತ್ತು ಸಾವಿರ ರೂಪಾಯಿ ಸಾಲವನ್ನೂ, ಕುಂಡಲ್ ರೋಡ್ ರೈಲು ನಿಲ್ದಾಣದ ಬಳಿ ೩೨ ಎಕರೆ ಬಂಜರನ್ನೂ ಕೊಟ್ಟರು. ಪಾಪಾಸುಕಳ್ಳಿ ಮತ್ತು ಹಾವುಗಳ ಬೀಡದು. ೧೯೧೦ರಲ್ಲಿ ೨೫ ಮಂದಿ ಕೆಲಸಗಾರರು ಕುಟುಂಬಸಮೇತ ಅಲ್ಲಿ ಬಿಡಾರ ಹೂಡಿ ಕಳ್ಳಿ ಕಡಿದರು. ಅದೇ ಕಿರ್ಲೋಸ್ಕರವಾಡಿ. ಅಲ್ಲಿ ಅಸ್ಪೃಶ್ಯತೆಗೆ ಎಡೆ ಕೊಡಲಿಲ್ಲ. ಸೆರೆವಾಸ ಮುಗಿಸಿ ಬಂದವರನ್ನೇ ರಾತ್ರಿ ಕಾವಲಿಗೆ ಇಟ್ಟರು.

ಮುಂದೆ ನೇಗಿಲಿನ ಜೊತೆಗೆ ಪಂಪುಗಳು ಬಂದವು. ೧೯೨೦ರಲ್ಲಿ ಕಿರ್ಲೋಸ್ಕರ್ ಬ್ರದರ್ಸ್ ಕಂಪನಿಯಾಯಿತು. ಉದ್ಯಮದ ಟಿಸಿಲು ಕನ್ನಡ ನಾಡಿಗೂ ಮರಳಿತು. ೧೯೪೧ರಲ್ಲಿ ಹರಿಹರದಲ್ಲಿ ಮೈಸೂರು ಕಿರ್ಲೋಸ್ಕರ್, ೧೯೪೬ರಲ್ಲಿ ಬೆಂಗಳೂರಿನಲ್ಲಿ ಕಿರ್ಲೋಸ್ಕರ್ ಎಲೆಕ್ಟ್ರಿಕ್ ಹುಟ್ಟಿದವು. ಹರಿಹರದ ಕಾರ್ಖಾನೆ ಈಗ ಇಲ್ಲ. ಆದರೆ ಅದರ ಲೇತುಗಳ ಮೇಲೆ ಕೈ ಪಳಗಿಸಿಕೊಂಡು ಬದುಕು ಕಟ್ಟಿದ ಮನೆಗಳು ನಮ್ಮ ನಾಡಿನಲ್ಲಿ ಅನೇಕ.

ಲಕ್ಷ್ಮಣರಾಯರು ತೀರಿಕೊಂಡದ್ದು ೧೯೫೬ರ ಸೆಪ್ಟೆಂಬರ್ ೨೬ರಂದು. ಐದು ವಾರಗಳ ತರುವಾಯ, ನವೆಂಬರ್ ೧ರಂದು, ಅವರು ಹುಟ್ಟಿದ ಗುರ್ಲಹೊಸೂರೂ ಅವರು ಅಂಗಡಿ ಇಟ್ಟ ಬೆಳಗಾವಿಯೂ ಏಕೀಕೃತ ರಾಜ್ಯವನ್ನು ಸೇರಿದವು. ೧೯೬೯ರಲ್ಲಿ, ಅವರ ಜನ್ಮಶತಾಬ್ದಿಯ ವರ್ಷ, ಭಾರತ ಸರಕಾರ ಅಂಚೆಚೀಟಿ ಹೊರಡಿಸಿತು.

ಕಣ್ಣು ಕೈಕೊಟ್ಟಿತು, ಬಡ್ತಿ ತಪ್ಪಿತು, ನೆಲ ಜಾರಿತು. ಪ್ರತಿ ಸಲವೂ ಅವರು ನೋಡಿದ್ದು ಹೋದದ್ದನ್ನಲ್ಲ, ಕೈಯಲ್ಲಿ ಏನು ಉಳಿದಿದೆಯೆಂಬುದನ್ನು. ಪರಸ್ಥಳದಲ್ಲಿ ಹೊಸದಾಗಿ ಬದುಕು ಹೂಡುವ ನಮ್ಮ ತರುಣರು ಈ ಲೆಕ್ಕವನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳಲಿ.