ಬದುಕಿನ ಅರ್ಥವನ್ನು ಬಾಳಿ ತೋರಿಸಿದ ಡಿ.ವಿ.ಜಿ.



ಪರೀಕ್ಷೆಯ ಫಲಿತಾಂಶ ಬಂದ ದಿನ, ಅಂಕಪಟ್ಟಿ ಹಿಡಿದುಕೊಂಡು ಬದುಕೇ ಮುಗಿಯಿತೆಂದು ಕುಳಿತವರನ್ನು ನೀವು ನೋಡಿರಬಹುದು. ಅಂಥವರು ತಿಳಿಯಲೇಬೇಕಾದ ಹಿರಿಯರೊಬ್ಬರಿದ್ದಾರೆ. ಮೆಟ್ರಿಕ್ಯುಲೇಷನ್ ಪರೀಕ್ಷೆಯಲ್ಲಿ ಅನುತ್ತೀರ್ಣರಾದ ಅವರಿಗೆ 1961ರಲ್ಲಿ ಮೈಸೂರು ವಿಶ್ವವಿದ್ಯಾನಿಲಯ ಗೌರವ ಡಾಕ್ಟರೇಟ್ ನೀಡಿತು. ಅವರೇ ಡಿ.ವಿ. ಗುಂಡಪ್ಪ, ನಾಡಿನ ಪ್ರೀತಿಯ ಡಿ.ವಿ.ಜಿ.

ನಮ್ಮ ಕೊಡಗಿಗೂ ಅವರಿಗೂ ನಂಟಿದೆ. 1932ರಲ್ಲಿ ಮಡಿಕೇರಿಯಲ್ಲಿ ನಡೆದ 18ನೆಯ ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರು ಅವರೇ. ಕೊಡಗು ಆಗ ಮೈಸೂರಿಗೆ ಸೇರದೆ, ಚೀಫ್ ಕಮಿಷನರ್ ಆಡಳಿತದಲ್ಲಿ ಪ್ರತ್ಯೇಕವಾಗಿದ್ದ ಪ್ರಾಂತ್ಯ.

ಡಿ.ವಿ.ಜಿ. ಹುಟ್ಟಿದ್ದು 1887ರಲ್ಲಿ, ಕೋಲಾರದ ಮುಳಬಾಗಿಲಿನಲ್ಲಿ. ಶಾಲೆಯ ಓದು ನಿಂತ ಮೇಲೆ ಹೊಟ್ಟೆಪಾಡಿಗಾಗಿ ಸಣ್ಣಪುಟ್ಟ ಕೆಲಸ ಮಾಡಿ, ಬೆಂಗಳೂರು ಸೇರಿ ಪತ್ರಿಕೋದ್ಯಮಕ್ಕೆ ಇಳಿದರು. ಶಾಲೆ ಬಿಟ್ಟರೂ ಓದು ಬಿಡಲಿಲ್ಲ. ಪದವಿಯಿಲ್ಲದ ಆ ಯುವಕ 1913ರಲ್ಲಿ 'ಕರ್ನಾಟಕ' ಎಂಬ ಇಂಗ್ಲಿಷ್ ಪತ್ರಿಕೆಯನ್ನೇ ಹೊರತಂದರು.

ಮನೆಯಲ್ಲಿ ಬಂದ ಪರೀಕ್ಷೆ ಇನ್ನೂ ಕಠಿಣ. ಪತ್ನಿ ಭಾಗೀರಥಮ್ಮ ಚಿಕ್ಕ ವಯಸ್ಸಿನಲ್ಲೇ ತೀರಿಕೊಂಡರು. ಡಿ.ವಿ.ಜಿ. ಮತ್ತೆ ಮದುವೆಯಾಗಲಿಲ್ಲ. ಮಕ್ಕಳಲ್ಲಿ ಒಬ್ಬರಾದ ಬಿ.ಜಿ.ಎಲ್. ಸ್ವಾಮಿ ಮುಂದೆ ಹೆಸರಾಂತ ಸಸ್ಯಶಾಸ್ತ್ರಜ್ಞರೂ ಲೇಖಕರೂ ಆದರು.

ಕಷ್ಟ ಬಂದಾಗ ಯಾರ ಮನಸ್ಸಿನಲ್ಲೂ ಒಂದು ಪ್ರಶ್ನೆ ಏಳುತ್ತದೆ: ಈ ಬದುಕಿಗೆ ಅರ್ಥವಿದೆಯೇ? ಪಾರಸಿಕ ಕವಿ, ಗಣಿತಜ್ಞ ಉಮರ್ ಖಯ್ಯಾಮನ ಹೆಸರಿನ ಪದ್ಯಗಳಲ್ಲೂ ಇದೇ ಪ್ರಶ್ನೆಯಿದೆ. ಅವುಗಳ ಇಂಗ್ಲಿಷ್ ರೂಪವನ್ನು ಆಧರಿಸಿ ಡಿ.ವಿ.ಜಿ. 'ಉಮರನ ಒಸಗೆ' ಎಂಬ ಕನ್ನಡ ಕೃತಿ ರಚಿಸಿದರು. ಬಾಳು ಕ್ಷಣಿಕ, ಇರುವಷ್ಟು ಹೊತ್ತು ಸುಖಪಡು ಎಂಬುದು ಆ ಇಂಗ್ಲಿಷ್ ಪದ್ಯಗಳ ಧ್ವನಿ. ಡಿ.ವಿ.ಜಿ. ಅಲ್ಲಿಗೇ ನಿಲ್ಲಲಿಲ್ಲ. 1943ರಲ್ಲಿ ಹೊರಬಂದ 945 ಪದ್ಯಗಳ 'ಮಂಕುತಿಮ್ಮನ ಕಗ್ಗ'ದಲ್ಲಿ ಅದೇ ಪ್ರಶ್ನೆಗೆ ಬೇರೆ ದಾರಿಯಲ್ಲಿ ಉತ್ತರ ಹುಡುಕಿದರು. ಅಲ್ಲಿ ಮಾತನಾಡುವವನು ದೊಡ್ಡ ಪಂಡಿತನಲ್ಲ, ತನ್ನನ್ನೇ ಮಂಕನೆಂದು ಕರೆದುಕೊಳ್ಳುವ ಸಾಮಾನ್ಯ ತಿಮ್ಮ. ನೀವೂ ನಾನೂ ಕೇಳುವ ಪ್ರಶ್ನೆಗಳನ್ನೇ ಅವನೂ ಕೇಳುತ್ತಾನೆ.

ಆ ಉತ್ತರದ ತಿರುಳೇನು? ಬದುಕಿನ ಗುಟ್ಟು ಪೂರ್ತಿ ತಿಳಿದ ಮೇಲೆ ಒಳ್ಳೆಯವನಾಗುತ್ತೇನೆ ಎಂದು ಕಾಯಬೇಡಿ. ಪಾಲಿಗೆ ಬಂದ ಕೆಲಸವನ್ನು ಶ್ರದ್ಧೆಯಿಂದ ಮಾಡಿ. 'ನಾನು' ಎಂಬುದು ಮನೆಯಿಂದ ಊರಿಗೆ, ಊರಿನಿಂದ ಲೋಕಕ್ಕೆ ಹರಡಲಿ. ದುಃಖ ಬಂದರೆ ಮನಸ್ಸು ಕಲ್ಲಾಗದಿರಲಿ, ಮೃದುವಾಗಲಿ. ಸದ್ಗುಣವೆಂದರೆ ಅವರಿಗೆ ಭಾಷಣದ ವಸ್ತುವಲ್ಲ, ದಿನನಿತ್ಯದ ಅಭ್ಯಾಸ.

ಈ ಅಭ್ಯಾಸ ಸಾರ್ವಜನಿಕ ಜೀವನದಲ್ಲೂ ಇರಬೇಕೆಂದು ಅವರು ನಂಬಿದ್ದರು. ಇದರಲ್ಲಿ ಅವರಿಗೆ ಮಾದರಿ ಗೋಪಾಲಕೃಷ್ಣ ಗೋಖಲೆ. ಅವರ ಹೆಸರಿನಲ್ಲಿಯೇ 1945ರಲ್ಲಿ ಬೆಂಗಳೂರಿನಲ್ಲಿ ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆಯನ್ನು ಸ್ಥಾಪಿಸಿದರು. 1970ರಲ್ಲಿ ಅಭಿಮಾನಿಗಳು ಸನ್ಮಾನಿಸಿ ಒಂದು ಲಕ್ಷ ರೂಪಾಯಿಯ ನಿಧಿ ಅರ್ಪಿಸಿದಾಗ ಆ ಹಣವನ್ನು ಅದೇ ಸಂಸ್ಥೆಗೆ ಕೊಟ್ಟುಬಿಟ್ಟರು. ಅಂದಿನ ಒಂದು ಲಕ್ಷವೆಂದರೆ ಎಷ್ಟೆಂಬುದನ್ನು ನಿಮ್ಮ ಮನೆಯ ಹಿರಿಯರನ್ನು ಕೇಳಿ ನೋಡಿ! ಬರೆದದ್ದನ್ನೇ ಬಾಳಿದವರೆಂದು ಜನ ಅವರನ್ನು ಗೌರವಿಸುವುದು ಇಂಥ ನಡೆಗಳಿಗಾಗಿಯೇ.

1967ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ, 1974ರಲ್ಲಿ ಪದ್ಮಭೂಷಣ ಅವರನ್ನು ಅರಸಿ ಬಂದವು. 1975ರ ಅಕ್ಟೋಬರ್ 7ರಂದು ಅವರು ನಿಧನರಾದರು.

ಮಿತ್ರರೇ, ವಿದ್ಯೆ ಬೇಕು, ಅಂಕವೂ ಬೇಕು. ಡಿ.ವಿ.ಜಿ. ಉದಾಹರಣೆ ಕೊಟ್ಟು ಓದದೇ ಇರಲು ನೆಪ ಹುಡುಕಬೇಡಿ. ಅವರು ಕೊನೆಯವರೆಗೂ ಓದಿದವರು. ಆದರೆ ಕಲಿತ ವಿದ್ಯೆ ನಮ್ಮನ್ನು ಎಂಥ ಮನುಷ್ಯರನ್ನಾಗಿ ಮಾಡಿತು ಎಂಬುದನ್ನು ಯಾವ ಅಂಕಪಟ್ಟಿಯೂ ಹೇಳುವುದಿಲ್ಲ. ಅದಕ್ಕೆ ನಮ್ಮ ನಡತೆಯೇ ಉತ್ತರ ಕೊಡಬೇಕು.