ಪಣಂಬೂರು ಕಡಲ ತೀರದ ಕನಸುಗಾರ ಉಳ್ಳಾಲ ಶ್ರೀನಿವಾಸ ಮಲ್ಯ

ಇಂದು ಭಾನುವಾರದ ಸಂಜೆ ಎಂದರೆ ಮಂಗಳೂರಿನವರಾದ ನಮಗೆ ಪಣಂಬೂರು ಇಲ್ಲವೇ ಸುರತ್ಕಲ್ ಬೀಚ್ ನೆನಪಾಗುತ್ತದೆ. ಈ ಎರಡೂ ತೀರಗಳ ಇಂದಿನ ರೂಪದ ಹಿಂದೆ ಒಬ್ಬ ವ್ಯಕ್ತಿಯ ಶ್ರಮವಿದೆ. ಅವರೇ ಉಳ್ಳಾಲ ಶ್ರೀನಿವಾಸ ಮಲ್ಯರು.

1902ರಲ್ಲಿ ಜನಿಸಿದ ಮಲ್ಯರು ಸ್ವಾತಂತ್ರ್ಯ ಹೋರಾಟಕ್ಕೆ ಧುಮುಕಿ, ಮುಂದೆ ಸಂವಿಧಾನ ರಚನಾ ಸಭೆಯ ಸದಸ್ಯರಾದರು. 1952, 1957 ಮತ್ತು 1962ರಲ್ಲಿ ಜಿಲ್ಲೆಯ ಜನ ಅವರನ್ನು ಲೋಕಸಭೆಗೆ ಕಳುಹಿಸಿದರು.

ಆಗ ಮಂಗಳೂರಿನ ಕಡಲ ವ್ಯಾಪಾರವೆಲ್ಲ ಹಳೆ ಬಂದರಿನ ದಕ್ಕೆಯಲ್ಲಿತ್ತು. ನೇತ್ರಾವತಿ ಮತ್ತು ಗುರುಪುರ ನದಿಗಳು ಕಡಲು ಸೇರುವ ಅಳಿವೆಯಲ್ಲಿ ಮರಳು ತುಂಬುತ್ತಿದ್ದುದರಿಂದ ದೊಡ್ಡ ಹಡಗುಗಳು ಒಳಬರುವಂತಿರಲಿಲ್ಲ. ಅವು ದೂರದಲ್ಲೇ ಲಂಗರು ಹಾಕುತ್ತಿದ್ದವು. ಹಂಚು, ಕಾಫಿಯನ್ನು ದೋಣಿಗಳಲ್ಲಿ ಅಲ್ಲಿಗೆ ಸಾಗಿಸಬೇಕಿತ್ತು. ಮಳೆಗಾಲ ಬಂತೆಂದರೆ ಆ ಕೆಲಸವೂ ನಿಲ್ಲುತ್ತಿತ್ತು. ವರ್ಷವಿಡೀ ಹಡಗು ಬರುವ ಬಂದರು ಬೇಕೆಂದು ಮಲ್ಯರು ದೆಹಲಿಯಲ್ಲಿ ಪಟ್ಟು ಹಿಡಿದರು.

1951ರಲ್ಲಿ ಬಜಪೆಯಲ್ಲಿ ವಿಮಾನ ನಿಲ್ದಾಣ, 1960ರಲ್ಲಿ ಸುರತ್ಕಲ್ ಕಡಲ ದಂಡೆಯಲ್ಲಿ ಇಂಜಿನಿಯರಿಂಗ್ ಕಾಲೇಜು ಬಂದವು. ಎರಡರ ಹಿಂದೆಯೂ ಅವರ ಪ್ರಯತ್ನವಿತ್ತು. ಕಾಲೇಜಿರುವ ಸ್ಥಳಕ್ಕೆ ಶ್ರೀನಿವಾಸನಗರ ಎಂಬ ಹೆಸರು ಬಂದುದು ಅವರಿಂದಲೇ.

1962ರಲ್ಲಿ ನಗರದಿಂದ ಸುಮಾರು 10 ಕಿ.ಮೀ. ಉತ್ತರದ ಪಣಂಬೂರಿನಲ್ಲಿ ಬಂದರು ಯೋಜನೆ ಆರಂಭವಾಯಿತು. ದಂಡೆಯ ನೆಲವನ್ನೇ ಅಗೆದು ಕಡಲ ನೀರನ್ನು ಒಳತರಲಾಯಿತು. ಬಾಯಿಯ ಎರಡು ಬದಿಗೂ ಕಲ್ಲಿನ ತಡೆಗೋಡೆ ಕಟ್ಟಲಾಯಿತು. ಉತ್ತರದ ತಡೆಗೋಡೆಯ ಮಗ್ಗುಲಲ್ಲಿರುವುದೇ ಇಂದಿನ ಪಣಂಬೂರು ಬೀಚ್.

ಆದರೆ ಆ ನೆಲ ಖಾಲಿ ನೆಲವಾಗಿರಲಿಲ್ಲ. ತಲೆಮಾರುಗಳಿಂದ ಅಲ್ಲಿ ಬೇಸಾಯ ಮಾಡಿದವರು, ಬಲೆ ಬೀಸಿದವರು ಮನೆಮಠ ಬಿಟ್ಟು ಕಾಟಿಪಳ್ಳ, ಕೃಷ್ಣಾಪುರಗಳಿಗೆ ಹೋಗಬೇಕಾಯಿತು. ಗದ್ದೆಯಿದ್ದವರಿಗೆ ಸಿಕ್ಕಿದ್ದು ನಿವೇಶನ. ಕಡಲ ಮಗ್ಗುಲಲ್ಲಿದ್ದವರಿಗೆ ಕಡಲು ದೂರವಾಯಿತು. ಊರಿನ ಏಳಿಗೆಯ ಬೆಲೆಯನ್ನು ಮೊದಲು ತೆತ್ತವರು ಇವರು.

ತಮ್ಮ ಕನಸು ಪೂರ್ಣವಾದುದನ್ನು ಮಲ್ಯರೂ ಕಾಣಲಿಲ್ಲ. 1965ರ ಡಿಸೆಂಬರಿನಲ್ಲಿ ಅವರು ನಿಧನರಾದರು. 1974ರ ಮೇ 4ರಂದು ನವಮಂಗಳೂರು ದೇಶದ ಒಂಬತ್ತನೇ ಪ್ರಮುಖ ಬಂದರೆಂದು ಘೋಷಣೆಯಾಯಿತು. 1975ರ ಜನವರಿ 11ರಂದು ಪ್ರಧಾನಿ ಇಂದಿರಾ ಗಾಂಧಿ ಅದನ್ನು ಉದ್ಘಾಟಿಸಿದರು.

ಇಂದು ಬಂದರಿನ ಒಳಗೆ ಪರವಾನಗಿ ಇಲ್ಲದೆ ಹೋಗುವಂತಿಲ್ಲ. ಗೋಡೆಯ ಆಚೆಗಿನ ಮರಳು ಮಾತ್ರ ಬಡವ ಬಲ್ಲಿದರೆನ್ನದೆ ಎಲ್ಲರಿಗೂ ತೆರೆದಿದೆ. ಅಲ್ಲಿ ಮಕ್ಕಳನ್ನು ಆಡಲು ಬಿಟ್ಟು ಕುಳಿತಾಗ ನಾವು ಮಲ್ಯರನ್ನು ನೆನೆಯೋಣ. ಜೊತೆಗೆ ನೆಲ ಬಿಟ್ಟುಕೊಟ್ಟ ಆ ಕುಟುಂಬಗಳನ್ನೂ ನೆನೆಯೋಣ. ಉಳಿದಿರುವ ಈ ತೆರೆದ ತೀರವನ್ನು ಚೊಕ್ಕಟವಾಗಿ, ಎಲ್ಲರದ್ದಾಗಿಯೇ ಉಳಿಸಿಕೊಳ್ಳುವುದು ಇಬ್ಬರಿಗೂ ನಾವು ಸಲ್ಲಿಸಬೇಕಾದ ಋಣ.